ಸ್ತೋತ್ರ ಬಾಯಿಪಾಠ ಆಗಿಬಿಟ್ಟಿದೆ. ನಿಮ್ಮ ಮನೆಯಲ್ಲಿ ಹೇಗೆ?

ಸಂಡೇಸ್ಕೂಲ್ ಅಕ್ಕ, ಬೀದರ್

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಬೀದರ್‌ನ ಒಂದು ಮೆಥಡಿಸ್ಟ್ ಸಭೆಯಲ್ಲಿ ಹನ್ನೊಂದು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಹೋದ ಭಾನುವಾರ ಹತ್ತು ಮಂದಿ ಕುಷ್ಠರೋಗಿಗಳ ಪಾಠ ಇತ್ತು, ಲೂಕನ ಸುವಾರ್ತೆ 17ನೇ ಅಧ್ಯಾಯ. ಹತ್ತೂ ಮಂದಿ ದೂರ ನಿಂತು ಕೂಗುತ್ತಾರೆ. ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಎಂದು ಯೇಸು ಸ್ವಾಮಿ ಹೇಳುತ್ತಾರೆ. ಹೋಗುತ್ತಾ ಹೋಗುತ್ತಾ ದಾರಿಯಲ್ಲೇ ವಾಸಿಯಾಗುತ್ತದೆ. ಒಬ್ಬನೇ ಒಬ್ಬ ತಿರುಗಿ ಬರುತ್ತಾನೆ, ಅವನೂ ಸಮಾರ್ಯದವನು, ಹೊರಗಿನವನು.

ಪಾಠ ಚೆನ್ನಾಗಿಯೇ ಆಯಿತು. ಕೊನೆಗೆ ಮಕ್ಕಳನ್ನು ಕೇಳಿದೆ, ನೀವು ದೇವರಿಗೆ ಯಾವುದಕ್ಕೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳುತ್ತೀರಿ ಅಂತ. ಎಲ್ಲರದೂ ಒಂದೇ ರಾಗ. ಒಳ್ಳೆ ಆರೋಗ್ಯಕ್ಕೆ, ಒಳ್ಳೆ ತಂದೆತಾಯಿಗೆ, ಊಟ ಬಟ್ಟೆಗೆ. ಏಳು ವರ್ಷದ ಒಂದು ಹುಡುಗಿ ಮಾತ್ರ ಎದ್ದು ನಿಂತಳು. "ಅಕ್ಕಾ, ನೀವೂ ದಿನಾ ಇದೇ ಹೇಳ್ತೀರಿ. ದೇವರಿಗಿ ಬ್ಯಾಸರ ಬರಲ್ಲೇನು?" ಅಂದಳು.

ಅವಳು ತಂಟೆ ಮಾಡಲು ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

ಆ ರಾತ್ರಿ ಮನೆಯಲ್ಲಿ ಒಂದು ಪರೀಕ್ಷೆ ಮಾಡಿಕೊಂಡೆ. "ಸ್ತೋತ್ರ" ಅನ್ನುವ ಮಾತನ್ನೇ ಬಳಸದೆ ದೇವರಿಗೆ ಕೃತಜ್ಞತೆ ಹೇಳಬೇಕು. ಎರಡು ವಾಕ್ಯ ಆದ ಮೇಲೆ ನಿಂತುಬಿಟ್ಟೆ. ಮುಂದೆ ಏನೂ ಬರಲಿಲ್ಲ. ಬೆಳಿಗ್ಗೆ ಏಳುವಾಗ ಸ್ತೋತ್ರ, ಬಸ್ಸು ಸಿಕ್ಕರೆ ಸ್ತೋತ್ರ, ಫೋನ್ ಇಡುವಾಗ ಸ್ತೋತ್ರ. ದಿನಕ್ಕೆ ನೂರು ಸಲ ಹೇಳುವ ನನಗೆ, ಯಾವುದಕ್ಕೆ ಅಂತ ಕೇಳಿದರೆ ಹೇಳಲು ಬರಲಿಲ್ಲ. ತುಂಬಾ ಅಳು ಬಂತು.

ನನಗೆ ಉಪದೇಶ ಬೇಡ. ನಿಮ್ಮ ನಿಮ್ಮ ಮನೆಯಲ್ಲಿ ನಿಜವಾಗಿ ಏನು ಮಾಡುತ್ತೀರಿ, ಅದನ್ನು ಬರೆಯಿರಿ. ಮಕ್ಕಳಿಗೆ ಏನು ಕಲಿಸಲಿ? ಅದಕ್ಕೂ ಮೊದಲು ನಾನು ಏನು ಕಲಿಯಲಿ?

ತೊಗರಿ ಹೊಲ, ಆಳಂದ ತಾಲೂಕು

ಅಕ್ಕಾ, ನಮ್ಮ ಅಜ್ಜಿಯ ಮಾತು ಹೇಳುತ್ತೇನೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಸ್ವಂತ ಹೊಲ ಇರಲಿಲ್ಲ. ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ನಮ್ಮಪ್ಪ ಚಿಕ್ಕಪ್ಪಂದಿರನ್ನು ಸಾಕಿದವಳು. ರಾತ್ರಿ ಎಲ್ಲರೂ ರೊಟ್ಟಿ ತಿಂದು ಕೈ ತೊಳೆದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದಳು: "ಇವತ್ತ ಯಾರ ಉಪಕಾರ ಉಂಡಿವಿ?"

ನಾವು ಮಕ್ಕಳು ಒಬ್ಬೊಬ್ಬರಾಗಿ ಹೇಳಬೇಕಿತ್ತು. ಗಿರಣಿಯವನು ಉದ್ರಿ ಹಿಟ್ಟು ಹಾಕಿಕೊಟ್ಟ. ಪಕ್ಕದ ಮನೆ ಅತ್ತಿ ಪುಂಡಿ ಪಲ್ಯ ಕೊಟ್ಟಳು. ಮಾಸ್ತರರು ಪೆನ್ಸಿಲ್ ಕೊಟ್ಟರು. ಎಲ್ಲ ಮುಗಿದ ಮೇಲೆ ಅಜ್ಜಿ ಕಣ್ಣು ಮುಚ್ಚಿ ಅದೇ ಹೆಸರುಗಳನ್ನು ದೇವರ ಮುಂದೆ ಹೇಳುತ್ತಿದ್ದಳು. ಅಷ್ಟೇ ಪ್ರಾರ್ಥನೆ. ಬೇರೆ ದೊಡ್ಡ ಮಾತು ಏನೂ ಇಲ್ಲ.

ದೊಡ್ಡವನಾದ ಮೇಲೆ 103ನೇ ಕೀರ್ತನೆ ಓದುವಾಗ ಆ ಮಾತು ಸಿಕ್ಕಿತು. ದೇವರ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂದು ದಾವೀದ ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಾನೆ. ಅಲ್ಲೂ ಉಪಕಾರ! ಯಾವುದೋ ಸಭೆಯಲ್ಲಿ ಅಜ್ಜಿ ಅದನ್ನು ಕೇಳಿಸಿಕೊಂಡು ಮನೆಗೆ ತಂದಿರಬೇಕು. ನಮ್ಮ ಕಡೆ ಹಳ್ಳಿಯಲ್ಲಿ ಯಾರೂ "ಧನ್ಯವಾದ" ಅನ್ನುವುದಿಲ್ಲ, ಅಲ್ವಾ? "ನಿನ್ನ ಉಪಕಾರ ಮರೆಯಂಗಿಲ್ಲ" ಅನ್ನುತ್ತಾರೆ. ನನಗೆ ಅದೇ ಸರಿ ಅನಿಸುತ್ತದೆ. ಧನ್ಯವಾದ ಹೇಳಿದರೆ ಅಲ್ಲಿಗೆ ಲೆಕ್ಕ ಮುಗಿದಂತೆ. ಮರೆಯುವುದಿಲ್ಲ ಅಂದರೆ ಅದು ಮುಗಿಯುವುದಿಲ್ಲ.

ಇನ್ನೊಂದು ವಿಷಯ. ಒಂದು ವರ್ಷ ನಮ್ಮ ತೊಗರಿಗೆ ನೆಟೆ ರೋಗ ಬಿತ್ತು. ಗೊತ್ತಿರುವವರಿಗೆ ಗೊತ್ತು. ಮಣ್ಣಿನಲ್ಲೇ ಇರುವ ಶಿಲೀಂಧ್ರದಿಂದ ಬರುತ್ತದೆ. ಜೂನ್ ಜುಲೈನಲ್ಲಿ ಬಿತ್ತಿ, ಗಿಡ ಎದೆ ಮಟ್ಟ ಬೆಳೆದು, ಹೂ ಕಾಯಿ ಹಿಡಿಯುವ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ. ಐದು ತಿಂಗಳು ಮಗುವಿನ ಹಾಗೆ ನೋಡಿಕೊಂಡಿದ್ದು. ಆ ವರ್ಷ ಸುಗ್ಗಿ ಸ್ತೋತ್ರದ ಆರಾಧನೆಗೆ ನಾನು ಹೋಗಬಾರದು ಅಂದುಕೊಂಡೆ. ಎಲ್ಲರೂ ಬುಟ್ಟಿ ತುಂಬಾ ಜೋಳ, ಕಡಲೆ, ಕುಂಬಳಕಾಯಿ ತರುತ್ತಾರೆ. ನಾನು ಏನು ತರಲಿ?

ಸಭೆಯ ಹಿರಿಯರೊಬ್ಬರು ಮನೆಗೆ ಬಂದು ಧರ್ಮೋಪದೇಶಕಾಂಡ 26ನೇ ಅಧ್ಯಾಯ ತೆಗೆದು ಓದಿದರು. ಪ್ರಥಮ ಫಲದ, ಅಂದರೆ ದೇವರಿಗೆ ಕೊಡುವ ಮೊದಲ ಬೆಳೆಯ, ಬುಟ್ಟಿಯ ಬಗ್ಗೆ ಅಲ್ಲಿ ಇರುವುದು ಒಂದೆರಡು ವಚನ. ಬುಟ್ಟಿ ಇಟ್ಟು ಹೇಳಬೇಕಾದ ಮಾತೇ ಜಾಸ್ತಿ. ಆ ಮಾತಿನಲ್ಲಿ ಏನಿದೆ ನೋಡಿ. ನಮ್ಮ ಹಿರಿಯ ಅಲೆಮಾರಿ ಆಗಿದ್ದ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋದೆವು, ಅಲ್ಲಿ ನಮ್ಮನ್ನು ಹಿಂಸಿಸಿ ದುಡಿಸಿಕೊಂಡರು, ನಾವು ಕೂಗಿದೆವು, ದೇವರು ಕೇಳಿದ. ಕಷ್ಟದ ಕಥೆ ಇರುವುದು ಸ್ತೋತ್ರದ ಒಳಗೇ. "ಬುಟ್ಟಿ ಖಾಲಿ ಇದ್ರ ಖಾಲಿ ಬುಟ್ಟಿನೇ ತಾ, ಮಾತು ತಾ" ಅಂದರು ಹಿರಿಯರು. ಖಾಲಿ ಬುಟ್ಟಿ ಹಿಡಿದು ಹೋದೆ. ಮುಂದೆ ನಿಂತು ಒಣಗಿದ ಹೊಲದ ಕಥೆ ಹೇಳಿದೆ. ಉದ್ರಿ ಬೀಜ ಕೊಟ್ಟವರ ಹೆಸರು ಹೇಳಿದೆ. ಆರಾಧನೆ ಮುಗಿದು ಕಾಣಿಕೆ ಸಾಮಾನು ಹರಾಜು ಆಗುವಾಗ ಯಾರೋ ಎರಡು ಸೇರು ಜೋಳ ನನ್ನ ಬುಟ್ಟಿಗೆ ಸುರಿದು ಹೋದರು. ಯಾರು ಅಂತ ಇವತ್ತಿಗೂ ಹೇಳಿಲ್ಲ.

ರಾತ್ರಿ ಪಾಳಿ, ಕಲಬುರಗಿ

ಅಜ್ಜಿಯ ಪ್ರಶ್ನೆ ಓದಿ ಮೈ ಜುಂ ಅಂತು.

ನಾನು ನರ್ಸ್. ದೇಶದಲ್ಲಿ ಕೊರೊನಾದಿಂದ ಮೊದಲ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಆ ವಾರದಿಂದ ನಮ್ಮ ಜೀವನವೇ ಬೇರೆ ಆಯಿತು. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಅದರಲ್ಲಿ ಪಿಪಿಇ ಹಾಕಿಕೊಂಡು ನಿಲ್ಲಬೇಕು. ಮನೆಗೆ ಹೋದರೆ ಮಗಳು ಬಾಗಿಲ ಹಿಂದೆ ನಿಂತು ಕೈ ಬೀಸುತ್ತಿದ್ದಳು. ಪ್ರಾರ್ಥನೆಗೆ ಕೂತರೆ ನಿದ್ದೆ, ಇಲ್ಲವೇ ಸಿಟ್ಟು.

ಆಗ ನನಗೆ ಉಳಿದದ್ದು ಕೈ ತೊಳೆಯುವ ಹೊತ್ತು ಮಾತ್ರ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಬೇಕು, ಗೊತ್ತಲ್ಲ. ದಿನಕ್ಕೆ ಎಷ್ಟು ಸಲ ತೊಳೆಯುತ್ತೇವೆ ಲೆಕ್ಕವೇ ಇಲ್ಲ. ಒಂದು ತೊಳೆತಕ್ಕೆ ಒಂದು ಹೆಸರು ಅಂತ ಮಾಡಿಕೊಂಡೆ. ಆಕ್ಸಿಜನ್ ಸಿಲಿಂಡರ್ ಹೊತ್ತು ತಂದ ಹುಡುಗ. ಬೆಳಗಿನ ಚಹಾ. 6ನೇ ನಂಬರ್ ಬೆಡ್‌ನ ಅಜ್ಜ ಇವತ್ತು ಎರಡು ಚಮಚ ಗಂಜಿ ಕುಡಿದರು. ಕರ್ತನೇ, ಇದು ನಿನ್ನಿಂದ. ಇಷ್ಟೇ ಹೇಳುತ್ತಿದ್ದೆ. ಮನಸ್ಸಿಗೆ ಸಂತೋಷ ಆಗುತ್ತಿತ್ತಾ? ಬಹಳ ಸಲ ಇಲ್ಲ. ಆದರೂ ಹೇಳಿದೆ.

ಈಗಲೂ ಬಿಟ್ಟಿಲ್ಲ. ಅಕ್ಕಾ, ನೀವು ಅತ್ತಿರಿ ಅಂದಿರಲ್ಲ. ದಯವಿಟ್ಟು ಭಾವನೆ ಬರಲಿ, ಆಮೇಲೆ ಹೇಳೋಣ ಅಂತ ಕಾಯಬೇಡಿ. ಬೈಬಲ್‌ನಲ್ಲಿ ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರ ಬರೆದದ್ದು ಸೆರೆಯಲ್ಲಿ. ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆ ಅನ್ನುತ್ತಾನೆ. ಅವನಿಗೂ ಅದು ಹುಟ್ಟಿನಿಂದ ಬಂದದ್ದಲ್ಲ.

ಭೀಮಾ ದಂಡೆ, ಯಾದಗಿರಿ

ನಾನು ಬೇರೆ ಮಾತು ಹೇಳುತ್ತೇನೆ. ಯಾರಿಗೂ ನೋವು ಮಾಡಲು ಅಲ್ಲ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಬಂದ ಪ್ರವಾಹ ನಿಮಗೆಲ್ಲ ನೆನಪಿರಬಹುದು. ನಮ್ಮ ಮನೆಯ ಎರಡು ಗೋಡೆ ಬಿದ್ದವು. ಎಮ್ಮೆ ಕೊಚ್ಚಿಕೊಂಡು ಹೋಯಿತು. ಕೊಯ್ಲಿಗೆ ಬಂದಿದ್ದ ಭತ್ತ ನೀರಿನಲ್ಲೇ ಮೊಳಕೆ ಒಡೆಯಿತು. ಮೂರು ವಾರದ ನಂತರ ಅವ್ವ ತೀರಿಕೊಂಡಳು. ನೀರಿನಿಂದ ಅಲ್ಲ, ಆದರೆ ಆ ಒಂದು ರಾತ್ರಿಯ ಚಳಿ ಅವಳ ಎದೆಯಿಂದ ಹೋಗಲೇ ಇಲ್ಲ.

ಸಭೆಯವರು ನೋಡಲು ಬಂದರು. ಅಕ್ಕಿ ತಂದರು, ಬಟ್ಟೆ ತಂದರು, ಅದನ್ನು ಮರೆಯುವುದಿಲ್ಲ. ಆದರೆ ಒಬ್ಬರು ಅಂದರು, "ಸ್ತೋತ್ರ ಹೇಳು ತಮ್ಮಾ, ನಿನ್ನ ಜೀವ ಉಳೀತಲ್ಲ. ಆಚೆ ಊರಾಗ ನೋಡು, ಅವರಿಗಿ ಅದೂ ಇಲ್ಲ." ಇನ್ನೊಬ್ಬರು ಅಂದರು, ಎಲ್ಲದಕ್ಕೂ ಸ್ತೋತ್ರ ಮಾಡಬೇಕು ಅಂತ ಬೈಬಲ್‌ನಲ್ಲೇ ಇದೆ, ಪ್ರವಾಹಕ್ಕೂ ಮಾಡಬೇಕು.

ಎಂಟು ತಿಂಗಳು ನಾನು ಆರಾಧನೆಗೆ ಹೋಗಲಿಲ್ಲ. ದೇವರ ಮೇಲಿನ ಸಿಟ್ಟಿಗಿಂತ ಆ ಮಾತಿನ ಮೇಲಿನ ಸಿಟ್ಟು ದೊಡ್ಡದಿತ್ತು. ಅವ್ವ ಹೋದದ್ದಕ್ಕೆ ನಾನು ಸ್ತೋತ್ರ ಹೇಳಬೇಕಾ? ಅಣ್ಣ ಅಕ್ಕಂದಿರೇ, ನಿಜವಾಗಿ ಕೇಳುತ್ತಿದ್ದೇನೆ. ನಾಲ್ಕೈದು ವರ್ಷದಿಂದ ಕೇಳಬೇಕು ಅಂತಿದ್ದೆ.

ವೇದಶಾಸ್ತ್ರ ವಿದ್ಯಾರ್ಥಿ, ಕಲಬುರಗಿ

ಭೀಮಾ ದಂಡೆ ಅಣ್ಣಾ, ಮೊದಲು ನಿಮ್ಮ ಅವ್ವನಿಗಾಗಿ ನನ್ನ ದುಃಖ. ತಡವಾಗಿ ಹೇಳುತ್ತಿದ್ದೇನೆ.

ನಿಮಗೆ ಹೇಳಿದ ಆ ವಚನದ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ. 1 ಥೆಸಲೊನೀಕ 5:18ರಲ್ಲಿ ಇರುವುದು "ಎಲ್ಲಾದರಲ್ಲಿಯೂ" ಅಂತ. ಗ್ರೀಕ್ ಮೂಲದಲ್ಲೂ "ಎನ್ ಪಾಂತಿ", ಅಂದರೆ ಎಲ್ಲದರ ಒಳಗೆ. ಪ್ರವಾಹದ ನಡುವೆ ನಿಂತು ದೇವರ ಕಡೆ ಮುಖ ಮಾಡುವುದು ಬೇರೆ, ಪ್ರವಾಹವೇ ಒಳ್ಳೆಯದು ಅನ್ನುವುದು ಬೇರೆ. ಎಫೆಸ 5:20ರಲ್ಲಿ "ಎಲ್ಲಕ್ಕೋಸ್ಕರ" ಅಂತ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಆ ಅಧ್ಯಾಯದಲ್ಲೇ ಸ್ವಲ್ಪ ಮೇಲೆ, ದಿನಗಳು ಕೆಟ್ಟವು ಎಂದು ಪೌಲ ಬರೆದಿದ್ದಾನೆ. ಕೆಟ್ಟದ್ದನ್ನು ಒಳ್ಳೆಯದು ಎಂದು ಕರೆಯಲು ಅವನು ಹೇಳುತ್ತಿಲ್ಲ.

ಯೋಹಾನ 11 ಓದಿ. ತೀರಿಕೊಂಡ ಸ್ನೇಹಿತ ಲಾಜರನ ಸಮಾಧಿಯ ಹತ್ತಿರ ಯೇಸು ಸ್ವಾಮಿ ತಂದೆಗೆ ಸ್ತೋತ್ರ ಹೇಳುವುದು 41ನೇ ವಚನದಲ್ಲಿ. ಅತ್ತದ್ದು 35ನೇ ವಚನದಲ್ಲಿ. ಆರು ವಚನ ಮೊದಲು ಅಳು. ಸ್ವಲ್ಪ ಹೊತ್ತಿನಲ್ಲಿ ಲಾಜರ ಎದ್ದು ಬರುತ್ತಾನೆ ಎಂದು ಗೊತ್ತಿದ್ದವರೇ ಅತ್ತರು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಆದರೂ ಅದನ್ನು ಕೀರ್ತನೆಗಳ ಪುಸ್ತಕದಿಂದ ಯಾರೂ ತೆಗೆದು ಹಾಕಲಿಲ್ಲ.

ಇನ್ನು ಆಚೆ ಊರು ನೋಡು ಅನ್ನುವ ಮಾತು. ಇದು ನನಗೆ ಬಹಳ ಚುಚ್ಚಿತು. ಇನ್ನೊಬ್ಬರಿಗಿಂತ ನಾನು ವಾಸಿ ಅಂತ ಸ್ತೋತ್ರ ಹೇಳಿದವನು ಬೈಬಲ್‌ನಲ್ಲಿ ಒಬ್ಬನಿದ್ದಾನೆ. ಲೂಕ 18ರ ಫರಿಸಾಯ, ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು. ನಾನು ಈ ಸುಂಕದವನ ಹಾಗೆ ಅಲ್ಲ, ಅದಕ್ಕೆ ಸ್ತೋತ್ರ ಅಂದ. ಅವನು ನೀತಿವಂತ ಅನಿಸಿಕೊಂಡು ಮನೆಗೆ ಹೋಗಲಿಲ್ಲ. ಪಕ್ಕದ ಮನೆಯವರ ಕಷ್ಟವನ್ನು ಮೆಟ್ಟಿಲು ಮಾಡಿಕೊಂಡು ನಾವು ಹೇಳುವ ಸ್ತೋತ್ರ ಎಷ್ಟಿದೆ ಎಂದು ಯೋಚಿಸಿದರೆ ಭಯವಾಗುತ್ತದೆ.

ಅಜ್ಜಿಯ ಪ್ರಶ್ನೆಯಲ್ಲಿ ಆ ಹೋಲಿಕೆಯೇ ಇಲ್ಲ, ಗಮನಿಸಿದಿರಾ? ಯಾರ ಉಪಕಾರ ಉಂಡಿವಿ ಅಂತ ಮಾತ್ರ. 136ನೇ ಕೀರ್ತನೆಯೂ ಹಾಗೇ. 26 ವಚನ, ಪ್ರತಿ ವಚನಕ್ಕೂ ಒಂದೇ ಪಲ್ಲವಿ. ಆದರೆ ಪಲ್ಲವಿಯ ಮೊದಲು ಪ್ರತಿ ಸಲ ಒಂದೊಂದು ಬೇರೆ ಸಂಗತಿ. ಸೂರ್ಯ, ಚಂದ್ರ, ಕೆಂಪು ಸಮುದ್ರ, ಕೊನೆಗೆ ಎಲ್ಲ ಜೀವಿಗಳಿಗೂ ಆಹಾರ. ಸಂಡೇಸ್ಕೂಲ್ ಅಕ್ಕಾ, ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಅಲ್ಲಿದೆ ಅನಿಸುತ್ತದೆ. ನಮ್ಮ ಪ್ರಾರ್ಥನೆಯಲ್ಲಿ ಪಲ್ಲವಿ ಮಾತ್ರ ಉಳಿದಿದೆ, ವಚನ ಬಿದ್ದುಹೋಗಿದೆ.

ಹುಮನಾಬಾದ್ ತಾಯಿ

ಯಾದಗಿರಿ ತಮ್ಮಾ, "ಜೀವ ಉಳೀತಲ್ಲ" ಅನ್ನುವ ಮಾತನ್ನು ನಾನು ಎಷ್ಟೋ ಸಾವಿನ ಮನೆಯಲ್ಲಿ ಹೇಳಿದ್ದೇನೆ. ಒಳ್ಳೆಯದಕ್ಕೇ ಹೇಳಿದೆ ಅಂದುಕೊಂಡಿದ್ದೆ. ನಿನ್ನ ಹತ್ತಿರ ಕ್ಷಮೆ ಕೇಳುತ್ತೇನೆ. ಅವರ ಹತ್ತಿರವೂ ಕೇಳಬೇಕು.

ಧರ್ಮಕೇಂದ್ರದ ಸೊಸೆ, ಕಲಬುರಗಿ

ನಾವು ಕಥೋಲಿಕರು. 2005ರಲ್ಲಿ ಕಲಬುರಗಿ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ) ಆದ ವರ್ಷವೇ ನಾನು ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮಲ್ಲಿ ಪರಮಪ್ರಸಾದಕ್ಕೆ ಇರುವ ಯೂಕರಿಸ್ತ್ ಅನ್ನುವ ಗ್ರೀಕ್ ಹೆಸರಿನ ಅರ್ಥವೇ ಕೃತಜ್ಞತೆ. ಅದು ಯಾವ ರಾತ್ರಿ ಶುರುವಾಯಿತು? ಯೇಸು ಸ್ವಾಮಿಯನ್ನು ಶಿಷ್ಯನೇ ಹಿಡಿದುಕೊಟ್ಟ ರಾತ್ರಿ. ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದರು. ಮುರಿಯುವ ಮೊದಲು ಸ್ತೋತ್ರ. ಪ್ರತಿ ಪೂಜೆಯಲ್ಲಿ ಇದು ಕೇಳಿದಾಗ ನನ್ನ ಗಂಟಲು ಕಟ್ಟುತ್ತದೆ.

ಮನೆಯಲ್ಲಿ ಮಾಡುವುದು ಇಷ್ಟು. ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟ ಆತ್ಮಶೋಧನೆ ಇದೆ. ದಿನದ ಕೊನೆಗೆ ಮಾಡುತ್ತೇನೆ. ಅದರಲ್ಲಿ ಮೊದಲ ಹೆಜ್ಜೆ ಪಾಪ ಎಣಿಸುವುದಲ್ಲ, ಪಡೆದದ್ದಕ್ಕೆ ಕೃತಜ್ಞತೆ ಹೇಳುವುದು. ತಪ್ಪು ನೋಡಿಕೊಳ್ಳುವುದು ಆಮೇಲೆ. ಈ ಕ್ರಮ ಬದಲಾದ ಮೇಲೆ ನನ್ನ ರಾತ್ರಿಗಳೇ ಬದಲಾದವು. ಮೊದಲು ಹಾಸಿಗೆಗೆ ಹೋದರೆ ಬರೀ ಬೈದುಕೊಳ್ಳುವುದೇ ಆಗುತ್ತಿತ್ತು.

ಔರಾದ್‌ನವನು, ಈಗ ಪುಣೆ

ನಾನೂ ಒಂದು ಮಾತು ಸೇರಿಸುತ್ತೇನೆ. ಗುಳೆ ಬಂದು ಹದಿನಾಲ್ಕು ವರ್ಷ. ಮೊದಲು ಕಟ್ಟಡ ಕೆಲಸ, ಈಗ ಟೆಂಪೋ ಓಡಿಸುತ್ತೇನೆ.

ಶುರುವಿನಲ್ಲಿ ನಾವು ಏಳು ಮಂದಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಇದ್ದೆವು. ಅವರೂ ವಿಶ್ವಾಸಿಗಳೇ. ಕಟ್ಟಡ ಮುಗಿದ ಖುಷಿಗೆ ಮನೆಯಲ್ಲಿ ಕೃತಜ್ಞತಾ ಕೂಟ ಇಟ್ಟರು, ಬಿರಿಯಾನಿ ಮಾಡಿಸಿದರು, ಸ್ತೋತ್ರ ಕಾಣಿಕೆ ಎಂದು ದೊಡ್ಡ ಮೊತ್ತ ಕೊಟ್ಟರು. ನಮ್ಮ ಎರಡು ತಿಂಗಳ ಕೂಲಿ ಬಾಕಿ ಇತ್ತು. ಅದು ಬರಲೇ ಇಲ್ಲ. ಆ ಕೂಟದಲ್ಲಿ ನಾನೂ ಕೂತು ಹಾಡಿದೆ, ಆದರೆ ಹಾಡು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಯಾಕೋಬ 5:4ರಲ್ಲಿ ಇದೆ, ಕೊಡದೆ ಹಿಡಿದ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ. ಆದ್ದರಿಂದ ಸ್ತೋತ್ರ ಕೂಟ ಮಾಡುವವರಿಗೆ ನನ್ನ ವಿನಂತಿ. ಮೊದಲು ಬಾಕಿ ಕೊಡಿ. ಅಜ್ಜಿ ಕೇಳಿದ ಹಾಗೆ ಯಾರ ಉಪಕಾರ ಉಂಡಿವಿ ಎಂದು ಕೇಳಿಕೊಂಡರೆ ಕೂಲಿಯವರ ಹೆಸರೂ ಬರಲೇಬೇಕಲ್ಲ? ತೊಗರಿ ಹೊಲದ ಅಣ್ಣ ಹೇಳಿದ ಅದೇ 26ನೇ ಅಧ್ಯಾಯದಲ್ಲಿ, ನಿಮ್ಮ ನಡುವೆ ಇರುವ ಪರದೇಶಿಯೂ ನಿಮ್ಮ ಜೊತೆ ಸಂತೋಷಪಡಬೇಕು ಎಂದಿದೆ. ಪರವೂರಿನಲ್ಲಿ ಇರುವವನಿಗೆ ಆ ವಚನದ ಬೆಲೆ ಗೊತ್ತು.

ಒಳ್ಳೆಯದನ್ನೂ ಹೇಳುತ್ತೇನೆ. ಆ ಎರಡು ತಿಂಗಳು ನಮಗೆ ಊಟ ಹಾಕಿದ್ದು ಪಕ್ಕದ ಶೆಡ್‌ನ ಬೀದರ್‌ನ ಒಂದು ಮುಸ್ಲಿಂ ಕುಟುಂಬ. ಆ ತಾಯಿ ಪ್ರತಿ ರಾತ್ರಿ ಪಾತ್ರೆ ತೊಳೆದಿಟ್ಟು "ಶುಕರ್ ಹೈ", ದೇವರಿಗೆ ಕೃತಜ್ಞತೆ, ಅನ್ನುತ್ತಿದ್ದರು. ನಾನು ಮಲಗುವ ಮೊದಲು ಅವರ ಹೆಸರು ಹೇಳದ ದಿನ ಇಲ್ಲ.

ತೊಗರಿ ಹೊಲ, ಆಳಂದ ತಾಲೂಕು

ಭೀಮಾ ದಂಡೆ ಅಣ್ಣಾ, ನೀವು ಬರೆದದ್ದನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ನಮ್ಮಪ್ಪ ಒಂದು ವಿಷಯ ನೆನಪಿಸಿದರು. ನಮ್ಮ ಚಿಕ್ಕಪ್ಪ ಸಣ್ಣ ವಯಸ್ಸಿನಲ್ಲಿ ಹಾವು ಕಡಿದು ಹೋದ. ಆ ರಾತ್ರಿ ಅಜ್ಜಿ ಪ್ರಶ್ನೆ ಕೇಳಲಿಲ್ಲವಂತೆ. ಎಷ್ಟೋ ದಿನ ಕೇಳಲಿಲ್ಲ. ಸುಮ್ನೆ ಕೂತಿರುತ್ತಿದ್ದಳಂತೆ. ಒಂದು ದಿನ ತಾನಾಗಿಯೇ, "ಕುಣಿ ತೋಡಿದವರಿಗಿ ಚಹಾ ಕೊಟ್ಟಿದ್ದಿಲ್ಲ" ಅಂದಳಂತೆ. ಅಲ್ಲಿಂದ ಮತ್ತೆ ಶುರುವಾಯಿತು. ನನಗೆ ಇದು ಗೊತ್ತೇ ಇರಲಿಲ್ಲ.

ಸಂಡೇಸ್ಕೂಲ್ ಅಕ್ಕ, ಬೀದರ್

ಮೂರು ವಾರ ಆಯಿತು. ಎಲ್ಲರದನ್ನೂ ಓದಿದೆ, ಕೆಲವನ್ನು ನಾಲ್ಕೈದು ಸಲ.

ಕ್ಲಾಸಿನಲ್ಲಿ ಆದದ್ದು ಹೇಳುತ್ತೇನೆ. ಪ್ರಶ್ನೆ ಬದಲಾಯಿಸಿದೆ. ಈ ವಾರ ಯಾರ ಉಪಕಾರ ಉಂಡಿರಿ ಅಂತ ಕೇಳಿದೆ. ಮೊದಲು ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬ ಹುಡುಗ ಹೇಳಿದ, ಶಾಲೆಯ ಆಟೋ ಅಂಕಲ್ ಮಳೆಯಲ್ಲಿ ತನ್ನ ಚೀಲವನ್ನು ತಮ್ಮ ಸೀಟಿನ ಕೆಳಗೆ ಇಟ್ಟುಕೊಂಡರು ಅಂತ. ಆಮೇಲೆ ನಿಲ್ಲಿಸಲೇ ಆಗಲಿಲ್ಲ. ಬಿಸಿಯೂಟದ ಅಡುಗೆ ಅಮ್ಮ. ಬಿದ್ರಿ ಕೆಲಸ ಮಾಡುವ ಅಪ್ಪ, ಬೆರಳು ಕುಯ್ದುಕೊಂಡರೂ ಸೈಕಲ್ ಚೈನ್ ಹಾಕಿಕೊಟ್ಟರು. ನಮ್ಮ ಮನೆಯ ನಾಯಿ. ಇಪ್ಪತ್ತು ನಿಮಿಷ ಹೇಳಿದರು. ಆಮೇಲೆ ಆ ಹೆಸರುಗಳನ್ನೇ ಪ್ರಾರ್ಥನೆಯಲ್ಲಿ ಹೇಳಿದೆವು, ಒಬ್ಬೊಬ್ಬರು ಒಂದೊಂದು. ಕೊನೆಗೆ ಎಲ್ಲರೂ ಸೇರಿ ಸ್ತೋತ್ರ ಅಂದೆವು. ಆ ಮಾತು ಅವತ್ತು ಹೊಸದಾಗಿ ಕೇಳಿಸಿತು.

ಆ ಏಳು ವರ್ಷದ ಹುಡುಗಿ ಏನೂ ಹೇಳಲಿಲ್ಲ. ಎರಡನೇ ವಾರವೂ ಇಲ್ಲ. ಅವಳ ಅಪ್ಪ ಹೋದ ವರ್ಷ ತೀರಿಕೊಂಡಿದ್ದಾರೆ, ನನಗೆ ಗೊತ್ತಿತ್ತು, ಆದರೂ ಮರೆತಿದ್ದೆ. ಇಲ್ಲಿ ಯಾದಗಿರಿ ಅಣ್ಣ ಬರೆದದ್ದನ್ನು ಓದದಿದ್ದರೆ ನಾನು ಅವಳನ್ನು ಹೇಳು ಹೇಳು ಎಂದು ಒತ್ತಾಯ ಮಾಡುತ್ತಿದ್ದೆ, ಖಂಡಿತ. ಮಾಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡೆ, ಅಷ್ಟೇ. ಈ ಭಾನುವಾರ ಕ್ಲಾಸ್ ಮುಗಿದು ಎಲ್ಲರೂ ಹೋದ ಮೇಲೆ ನನ್ನ ಸೆರಗು ಹಿಡಿದು, "ಅಕ್ಕಾ, ಅಪ್ಪ ನನಗ ಈಜಲಿಕ್ಕಿ ಕಲಿಸ್ಯಾನ. ಅದು ಈಗಲೂ ಬರ್ತದ. ಹೇಳಬಹುದಾ?" ಅಂದಳು.

ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದೆವು.

ಭೀಮಾ ದಂಡೆ, ಯಾದಗಿರಿ

ಅಕ್ಕಾ, ಇದನ್ನು ಓದಿ ತುಂಬಾ ಹೊತ್ತು ಫೋನ್ ಕೆಳಗಿಟ್ಟು ಕೂತಿದ್ದೆ.

ನನಗೂ ಒಂದು ಹೆಸರು ಬಾಕಿ ಇದೆ. ಆ ರಾತ್ರಿ ಅವ್ವನನ್ನು ಮಾಳಿಗೆಯಿಂದ ಇಳಿಸಿ ಹರಿಗೋಲಿನಲ್ಲಿ ಕರೆದುಕೊಂಡು ಹೋದವನು ಒಬ್ಬ ಹುಡುಗ. ಇಪ್ಪತ್ತು ವರ್ಷ ಇರಬಹುದು. ಅವ್ವ ನಡುಗುತ್ತಿದ್ದಳು, ತನ್ನ ಅಂಗಿ ಬಿಚ್ಚಿ ಅವಳಿಗೆ ಹೊದಿಸಿದ. ದಡಕ್ಕೆ ಬಿಟ್ಟು ತಕ್ಷಣ ಮತ್ತೆ ನೀರಿಗೆ ಹೋದ. ನಾನು ಅವನ ಹೆಸರು ಕೇಳಲಿಲ್ಲ. ಒಂದು ಮಾತೂ ಆಡಲಿಲ್ಲ. ಅವ್ವ ಆಮೇಲೆ ಮೂರು ವಾರ ನಮ್ಮ ಜೊತೆ ಇದ್ದಳು, ಮೊಮ್ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದಳು, ಅದು ಅವನಿಂದ. ಆ ಅಂಗಿ ಇನ್ನೂ ನಮ್ಮ ಮನೆಯಲ್ಲಿದೆ. ನೀಲಿ ಬಣ್ಣ, ಎಡಗಡೆ ಜೇಬು ಹರಿದಿದೆ.

ವಡಗೇರಾ ಕಡೆಯ ಹುಡುಗ ಎಂದು ಯಾರೋ ಅಂದ ನೆನಪು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು ಇತ್ತು. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ವಿಚಾರಿಸಿ. ಎಷ್ಟು ದೂರ ಇದ್ದರೂ ಬರುತ್ತೇನೆ.

ಶಹಾಪುರ ಓದುಗ

ಅಣ್ಣಾ, ನನ್ನ ಹೆಂಡತಿಯ ತವರು ವಡಗೇರಾ ಹತ್ತಿರವೇ. ಮಾವನವರಿಗೆ ಈಗಲೇ ಫೋನ್ ಮಾಡುತ್ತೇನೆ. ನಾಳೆ ಸಂತೆಯಲ್ಲಿ ಹರಿಗೋಲಿನವರು ಸಿಗುತ್ತಾರೆ, ಕೇಳಿಸುತ್ತೇನೆ.